ಮಡಿ ಕರೆಂಟು, ಮೈಲಿಗೆ ಕರೆಂಟು

ಬೆಳಗಾವಿಯ ಒಂದು ಕಾಲೇಜಿನಲ್ಲಿ ಸೆಮಿನಾರು. ಗೋಡೆಯ ಮೇಲೆ ಜಗತ್ತಿನ ಭೂಪಟ. ಫ್ರಾನ್ಸು ಹಸಿರು, ನಾರ್ವೆ ಹಸಿರು, ಸ್ವೀಡನ್ನು ಇನ್ನೂ ಹಸಿರು. ಪೋಲೆಂಡು ಕಂದು. ಇಂಡಿಯಾ ಸುಟ್ಟ ಕೆಂಪು. ಒಂದು ಯೂನಿಟ್ಟು ಕರೆಂಟು ಹುಟ್ಟಿಸಲು ಯಾವ ದೇಶ ಎಷ್ಟು ಇಂಗಾಲದ ಹೊಗೆ ಬಿಡುತ್ತದೆ ಎಂಬ ಲೆಕ್ಕದ ಮೇಲೆ ಬಳಿದ ಬಣ್ಣ ಅದು. ಭಾಷಣಕ್ಕೆ ಬಂದ ಪ್ರೊಫೆಸರು ಕೋಲಿನಿಂದ ತೋರಿಸುತ್ತ ಹೇಳಿದರು: "ಇವು ಶುದ್ಧ ದೇಶಗಳು. ಇವು ಅಶುದ್ಧ. ನಾವು ಇಲ್ಲಿದ್ದೇವೆ."

ಶುದ್ಧ. ಅಶುದ್ಧ. ಈ ಎರಡು ಶಬ್ದ ಒಟ್ಟಿಗೆ ಕಿವಿಗೆ ಬಿದ್ದರೆ ಕೇರಿಯಲ್ಲಿ ಹುಟ್ಟಿದವನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ನಮ್ಮ ಆಯಿ ಬಾವಿಕಟ್ಟೆಯ ಕೆಳಗೆ ಕೊಡ ಇಟ್ಟುಕೊಂಡು, ಮೇಲಿನವರು ಮನಸ್ಸು ಮಾಡಿ ಸುರಿಯುವ ತನಕ ನಿಂತವಳು. ಆ ಬಾವಿಯನ್ನು ತೋಡಿದವರು ಯಾರು? ಆಯಿಯ ಅಪ್ಪ ಮತ್ತು ಅವನ ಅಣ್ಣತಮ್ಮಂದಿರು. ತೋಡುವಾಗ ಬಾವಿಗೆ ಮೈಲಿಗೆ ಇರಲಿಲ್ಲ. ನೀರು ಬಂದ ಮೇಲೆ ಬಂತು.

ನಾನು ಎದ್ದು ನಿಂತು ಕೇಳಿದೆ: "ಸರ, ಈ ಹಸಿರು ಹಸಿರಾಗಾಕ ಯಾರ ನೆಲಾ ಹೋತು? ಆ ಲೆಕ್ಕ ಈ ನಕಾಶೆದಾಗ ಐತೇನು?" ಪ್ರೊಫೆಸರು ನಕ್ಕರು. "ತಮ್ಮಾ, ಇದು ವಿಜ್ಞಾನ. ನಿಮ್ಮ ಪ್ರಶ್ನೆ ವಿಷಯಕ್ಕೆ ಸಂಬಂಧಪಟ್ಟಿಲ್ಲ" ಎಂದರು. ಆಮೇಲೆ ಚಹಾ ಕೊಟ್ಟರು.

ಸಂಬಂಧಪಟ್ಟಿದೆಯೋ ಇಲ್ಲವೋ ನೀವೇ ನೋಡಿ, ಗೆಳೆಯರೇ. ನಾನು ಪದ್ಯ ಬರೆಯುವವನು, ವಿಜ್ಞಾನಿಯಲ್ಲ. ಆದರೆ ಸಾಲಿ ಮಾಸ್ತರು ಹೊಡೆದು ಕಲಿಸಿದ ಗುಣಾಕಾರ ಭಾಗಾಕಾರ ಇನ್ನೂ ಮರೆತಿಲ್ಲ.

ಮೊದಲು ಪ್ರೊಫೆಸರು ಹೇಳಿದ್ದರಲ್ಲಿ ನಿಜ ಇದ್ದದ್ದನ್ನು ಒಪ್ಪಿಕೊಂಡುಬಿಡೋಣ. ಕರೆಂಟು ಎಲ್ಲಿಂದ ಬಂತು ಎಂಬುದರ ಮೇಲೆ ಹೊಗೆ ನಿಂತಿದೆ. ತಂತಿಯಲ್ಲಿ ಹರಿಯುವಾಗ ಎಲ್ಲ ಕರೆಂಟೂ ಒಂದೇ. ಹುಟ್ಟು ಬೇರೆ ಬೇರೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ 2014ರಲ್ಲಿ ಕೊಟ್ಟ ಲೆಕ್ಕ ಇದು. ಗಣಿ ಅಗೆಯುವುದರಿಂದ ಹಿಡಿದು ಕೇಂದ್ರ ಕೆಡವುವ ತನಕ ಎಲ್ಲ ಸೇರಿಸಿ, ಕಲ್ಲಿದ್ದಲಿನ ಒಂದು ಯೂನಿಟ್ಟಿಗೆ ಸುಮಾರು 820 ಗ್ರಾಂ ಹೊಗೆ. ಗ್ಯಾಸಿಗೆ 490. ಬಿಸಿಲಿನದಕ್ಕೆ 48, ನೀರಿನದಕ್ಕೆ 24. ಅಣುವಿನದು 12, ಗಾಳಿಯದು 11. ಇದನ್ನು ಸುಳ್ಳು ಎನ್ನುವವನು ಕಲ್ಲಿದ್ದಲ ವ್ಯಾಪಾರಿ ಇರಬೇಕು, ಇಲ್ಲವೇ ಅವನ ಮುನೀಮ ಇರಬೇಕು.

ಹಾಗಾಗಿ ಫ್ರಾನ್ಸು ಹಸಿರು. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದಾಗ ಅದು ಹೆದರಿತು. 1974ರಿಂದ ಅಣುಕೇಂದ್ರಗಳನ್ನು ಸಾಲಾಗಿ ಕಟ್ಟಿತು. ಭೂಮಿ ಉಳಿಸಬೇಕೆಂದು ಅಲ್ಲ, ಎಣ್ಣೆ ಇರಲಿಲ್ಲ ಎಂದು. ಇವತ್ತು ಅಲ್ಲಿನ ಯೂನಿಟ್ಟಿಗೆ ಸುಮಾರು 50 ಗ್ರಾಂ. ನಾರ್ವೆಯಲ್ಲಿ ಹೆಚ್ಚೂಕಡಿಮೆ ಎಲ್ಲಾ ನೀರಿನ ಕರೆಂಟು, 30ರ ಆಸುಪಾಸು. ಜರ್ಮನಿ 350ರ ಆಸುಪಾಸು. ಪೋಲೆಂಡು ಕಲ್ಲಿದ್ದಲಿನ ಮೇಲೆ ನಿಂತಿದೆ, 600ರ ಹತ್ತಿರ. ನಮ್ಮದು 700.

ಈಗ ಅಪ್ಪನ ಲೆಕ್ಕಕ್ಕೆ ಬರೋಣ.

ನನ್ನಪ್ಪ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿದ್ದಾನೆ. ಮನೆ ಖಾನಾಪುರದ ಕಡೆ. ಬಸ್ಸಿಗೋ ರೈಲಿಗೋ ಬುತ್ತಿ ಹಿಡಿದು ಹೋಗುತ್ತಾನೆ. ಮೊದಲು ಅಲ್ಲಿ ಕ್ಯುಪೋಲಾ ಭಟ್ಟಿ ಇತ್ತು, ಕೋಕ್ ಹಾಕಿ ಕಬ್ಬಿಣ ಕರಗಿಸುತ್ತಿದ್ದರು. ಈಗ ಇಂಡಕ್ಷನ್ ಫರ್ನೇಸು, ಕರೆಂಟಿನದು. ಒಂದು ಟನ್ನು ಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ಟು ಬೇಕು. 600 ಯೂನಿಟ್ಟಿಗೆ 700 ಗ್ರಾಂನಂತೆ 420 ಕಿಲೋ ಹೊಗೆ. ಅದೇ ಕಬ್ಬಿಣವನ್ನು ಅದೇ ಅಪ್ಪ ಫ್ರಾನ್ಸಿಗೆ ಹೋಗಿ ಕರಗಿಸಿದ್ದರೆ 30 ಕಿಲೋ. ಕಬ್ಬಿಣ ಅದೇ, ಬೆವರು ಅದೇ. ಹೊಗೆ ಮಾತ್ರ ಹದಿನಾಲ್ಕು ಪಟ್ಟು. ಅಂದರೆ ಅಪ್ಪ ಹದಿನಾಲ್ಕು ಪಟ್ಟು ಕೊಳಕನೆ? ಅವನ ಕೈಗೆ ಬಂದ ಕರೆಂಟು ಯಾವುದಿರಬೇಕೆಂದು ಅವನನ್ನು ಯಾರಾದರೂ ಕೇಳಿದ್ದರೆ?

ಇನ್ನೊಂದು ವಿಚಾರ. ಅಪ್ಪ ಎರಕ ಹೊಯ್ದ ಆ ಕಬ್ಬಿಣ ಎಲ್ಲಿಗೆ ಹೋಗುತ್ತದೆ? ಬೆಳಗಾವಿಯ ಎರಕ ಯುರೋಪಿಗೆ, ಅಮೆರಿಕಕ್ಕೆ ಹೋಗುತ್ತದೆ, ಪಂಪಿಗೆ, ಟ್ರ್ಯಾಕ್ಟರಿಗೆ, ಮೋಟಾರಿಗೆ. ಎರಕ ಅವರ ಮನೆಗೆ, ಹೊಗೆ ನಮ್ಮ ಲೆಕ್ಕಕ್ಕೆ. ಜಗತ್ತಿನ ದೇಶಗಳು ಕೂತು ಒಪ್ಪಿಕೊಂಡ ಪದ್ಧತಿಯೇ ಹಾಗಿದೆ: ಹೊಗೆ ಎಲ್ಲಿ ಎದ್ದಿತೋ ಅಲ್ಲಿನ ಖಾತೆಗೆ. ಉಂಡವನ ಖಾತೆಗೆ ಅಲ್ಲ, ಅಡಿಗೆ ಮಾಡಿದವಳ ಖಾತೆಗೆ.

ಲಂಡನ್ನಿನಲ್ಲಿ 1882ರಲ್ಲಿ ಮೊದಲ ಕಲ್ಲಿದ್ದಲ ವಿದ್ಯುತ್ ಕೇಂದ್ರ ಶುರುವಾಯಿತು. 2024ರ ಸೆಪ್ಟೆಂಬರ್ 30ಕ್ಕೆ ಬ್ರಿಟನ್ನು ತನ್ನ ಕೊನೆಯ ಕಲ್ಲಿದ್ದಲ ಕೇಂದ್ರ ಮುಚ್ಚಿತು. ನೂರಾನಲವತ್ತೆರಡು ವರ್ಷ ಉರಿಸಿ, ಗಿರಣಿ ಓಡಿಸಿ, ನಮ್ಮ ನೇಕಾರರ ಮಗ್ಗ ಮುರಿದು, ದೇಶಗಳನ್ನು ಆಳಿ, ಅದರ ನಂತರ ಕೈ ತೊಳೆದುಕೊಂಡಿತು. ಪತ್ರಿಕೆಗಳು ಚಪ್ಪಾಳೆ ಹೊಡೆದವು. ಮುಚ್ಚಿದ್ದು ಒಳ್ಳೆಯದೇ, ಬೇಡ ಎನ್ನುವುದಿಲ್ಲ. ಆದರೆ ಮೇಲೆ ಹೋದ ಹೊಗೆ ಕೆಳಗೆ ಇಳಿದಿಲ್ಲ. ಕೈಗಾರಿಕೆ ಶುರುವಾದಂದಿನಿಂದ ಈವರೆಗೆ ಆಕಾಶಕ್ಕೆ ಸೇರಿದ ಹೊಗೆಯಲ್ಲಿ ನೂರಕ್ಕೆ ಇಪ್ಪತ್ತೈದರ ಹತ್ತಿರ ಅಮೆರಿಕ ಒಂದರದ್ದೇ. ನೂರನಲವತ್ತು ಕೋಟಿ ಮಂದಿಯ ಇಂಡಿಯಾದ್ದು ನೂರಕ್ಕೆ ನಾಲ್ಕರ ಆಸುಪಾಸು. ಹಳೆಯ ಪಾಪದ ಖಾತೆ ಮುಚ್ಚಿಟ್ಟು, ಈ ವರ್ಷದ ಗ್ರಾಂ ಮಾತ್ರ ತೋರಿಸಿ "ನಾವು ಶುದ್ಧ" ಎನ್ನುವುದು ಯಾವ ಊರಿನ ನ್ಯಾಯ? ನಮ್ಮೂರ ನ್ಯಾಯವೇ! ಮುಂಜಾನೆ ಸ್ನಾನ ಮಾಡಿ ಮಡಿ ಉಟ್ಟರೆ ರಾತ್ರಿಯದು ಹೋಯಿತು ಎನ್ನುವ ಗೌಡಕಿಯ ನ್ಯಾಯ.

ಈಗ ಯುರೋಪು ಗಡಿಯಲ್ಲಿ ಒಂದು ನಾಕಾ ಹಾಕಿದೆ. ಹೊರಗಿಂದ ಬರುವ ಕಬ್ಬಿಣ, ಉಕ್ಕು, ಅಲ್ಯುಮಿನಿಯಂ, ಸಿಮೆಂಟು, ಗೊಬ್ಬರ ಎಷ್ಟು ಹೊಗೆ ಬಿಟ್ಟು ತಯಾರಾಯಿತೆಂದು ನೋಡಿ ಸುಂಕ ಹಾಕುವುದು. 2023ರ ಅಕ್ಟೋಬರಿನಿಂದ ಲೆಕ್ಕ ಕೊಡಿ ಎಂದಿತು, 2026ರ ಜನವರಿ 1ರಿಂದ ದುಡ್ಡಿನ ಹೊಣೆ ಶುರು. ಬಂದ ದುಡ್ಡು ಅವರ ತಿಜೋರಿಗೆ. ಪಟ್ಟಿ ಉದ್ದ ಆಗುವುದೇ ಸೈ. ಹೊರದೇಶದ ಗಿರಾಕಿಗಳು ಕಾರ್ಬನ್ ಲೆಕ್ಕ ಕೇಳುತ್ತಿದ್ದಾರೆಂದು ಅಪ್ಪನ ಫೌಂಡ್ರಿಯಲ್ಲೂ ಮಾತು ಬಂದಿದೆಯಂತೆ. ಅಪ್ಪ ಒಂದು ದಿನ ಕೇಳಿದ: "ಅಲ್ಲೋ, ಉಸುಕಿನ ಧೂಳಾ ನಮ್ಮ ಎದ್ಯಾಗ ಎಷ್ಟ ಹೋತು ಅನ್ನೂದಕ್ಕ ಆ ಫಾರ್ಮಿನ್ಯಾಗ ಕಾಲಂ ಐತೇನು?" ಇಲ್ಲ, ಅಪ್ಪಾ. ಎರಕದ ಹೊಗೆಗೆ ಇದೆ, ಎರಕದವನ ಕೆಮ್ಮಿಗೆ ಇಲ್ಲ.

ಮಡಿ ಯಾವುದು, ಮೈಲಿಗೆ ಯಾವುದು ಎಂದು ಹೇಳುವವನ ಕೈಯಲ್ಲಿ ಅಧಿಕಾರ ಇರುತ್ತದೆ. ಇದನ್ನು ನಾವು ಪುಸ್ತಕ ಓದಿ ಕಲಿತದ್ದಲ್ಲ. ಯುರೋಪಿನ ಪುರೋಹಿತರನ್ನೇ ನೋಡಿ. ಫ್ರಾನ್ಸಿಗೆ ಅಣು ಮಡಿ. ಪಕ್ಕದ ಜರ್ಮನಿಗೆ ಅದೇ ಅಣು ಮೈಲಿಗೆ; 2023ರ ಏಪ್ರಿಲ್ 15ಕ್ಕೆ ತನ್ನ ಕೊನೆಯ ಮೂರು ಅಣುಕೇಂದ್ರ ಮುಚ್ಚಿತು. ಅದಕ್ಕೆ ಮೂರು ತಿಂಗಳ ಹಿಂದೆ, ಜನವರಿಯಲ್ಲಿ, ಲ್ಯುಟ್ಸೆರಾತ್ ಎಂಬ ಹಳ್ಳಿಯಲ್ಲಿ ಕಂದು ಕಲ್ಲಿದ್ದಲ ಗಣಿಯನ್ನು ತಡೆಯಲು ಕೂತ ಹುಡುಗ ಹುಡುಗಿಯರನ್ನು ಪೊಲೀಸರು ಎತ್ತಿ ಹೊರಗೆ ಹಾಕಿದ್ದರು. 2022ರ ಜುಲೈನಲ್ಲಿ ಯುರೋಪಿನ ಪಾರ್ಲಿಮೆಂಟಿನ ಎದುರು ಪ್ರಶ್ನೆ ಬಂತು: ಅಣುವನ್ನೂ ಗ್ಯಾಸನ್ನೂ ಹಸಿರು ಬಂಡವಾಳದ ಪಟ್ಟಿಯಲ್ಲಿ ಸೇರಿಸಬಹುದೇ? ತಡೆಯಬೇಕೆಂದವರು ಸೋತರು. ಷರತ್ತುಗಳೊಂದಿಗೆ ಎರಡೂ ಹಸಿರಾದವು. ಯೂನಿಟ್ಟಿಗೆ 490 ಗ್ರಾಂ ಕಾರುವ ಗ್ಯಾಸು, ಕೈ ಎತ್ತಿದ ಮತಗಳಿಂದ ಹಸಿರು! ನಮ್ಮಲ್ಲಿ ಪಂಚಗವ್ಯ ಕುಡಿಸುತ್ತಾರೆ, ಅಲ್ಲಿ ಮತ ಹಾಕುತ್ತಾರೆ. ಅಷ್ಟೇ ವ್ಯತ್ಯಾಸ.

ಕಟ್ಟಿಗೆಯದು ಇದಕ್ಕಿಂತ ಚೆಂದ. ಇಂಗ್ಲೆಂಡಿನ ಡ್ರಾಕ್ಸ್ ಎಂಬ ದೊಡ್ಡ ಕೇಂದ್ರ ಮೊದಲು ಕಲ್ಲಿದ್ದಲು ಸುಡುತ್ತಿತ್ತು, ಈಗ ಕಟ್ಟಿಗೆಯ ಗುಳಿಗೆ ಸುಡುತ್ತದೆ. ಚಿಮಣಿಯಿಂದ ಹೊಗೆ ಬರುತ್ತದೆ, ಕಣ್ಣಿಗೆ ಕಾಣುತ್ತದೆ. ಆದರೆ ವಿದ್ಯುತ್ತಿನ ಲೆಕ್ಕದಲ್ಲಿ ಅದು ಸೊನ್ನೆ. ಮರ ಮತ್ತೆ ಬೆಳೆಯುತ್ತದಲ್ಲ, ಅದಕ್ಕೆ ಸೊನ್ನೆ. ಗುಳಿಗೆಯಲ್ಲಿ ಬಹಳಷ್ಟು ಬರುವುದು ಅಮೆರಿಕದ ದಕ್ಷಿಣ ರಾಜ್ಯಗಳಿಂದ, ಹತ್ತಿ ಹೊಲದಲ್ಲಿ ಗುಲಾಮರು ದುಡಿದ ಅದೇ ಸೀಮೆಯಿಂದ. ಮಿಸಿಸಿಪ್ಪಿಯ ಗ್ಲಾಸ್ಟರ್ ಎಂಬ ಊರಲ್ಲಿ, ಕರಿಯರೇ ಹೆಚ್ಚಿರುವ ಬಡ ಊರಲ್ಲಿ, ಇಂಥ ಒಂದು ಗುಳಿಗೆ ಕಾರ್ಖಾನೆ ಇದೆ. ಗಾಳಿ ಕೆಡಿಸಿದ್ದಕ್ಕೆ ಆ ರಾಜ್ಯದ ಸರಕಾರವೇ ಅದಕ್ಕೆ 25 ಲಕ್ಷ ಡಾಲರ್ ದಂಡ ಹಾಕಿದೆ. ಲಂಡನ್ನಿನ ಸೊನ್ನೆ ಗ್ಲಾಸ್ಟರಿನ ಮಕ್ಕಳ ಪುಪ್ಪುಸದಲ್ಲಿ ಒಂದಾಗಿ ಎರಡಾಗಿ ಬರೆದಿದೆ. ನಮ್ಮವ್ವ ಒಲೆ ಊದುವಾಗ ಬರುವ ಹೊಗೆಯನ್ನೂ ಹೀಗೆ ಸೊನ್ನೆ ಅನ್ನಬಹುದಿತ್ತು. ಅದನ್ನು ಮಾತ್ರ ಹಿಂದುಳಿದಿರುವಿಕೆ ಅನ್ನುತ್ತಾರೆ.

ಫ್ರಾನ್ಸಿನ ಹಸಿರಿಗೆ ಬರೋಣ. ಆಫ್ರಿಕದಲ್ಲಿ ನೈಜರ್ ಎಂಬ ದೇಶ. ಫ್ರಾನ್ಸು ಆಳಿದ ದೇಶ. ಅಲ್ಲಿನ ಅರ್ಲಿತ್ ಎಂಬಲ್ಲಿ 1971ರಿಂದ ಫ್ರೆಂಚ್ ಕಂಪನಿ ಯುರೇನಿಯಂ ತೆಗೆಯಿತು. ದಶಕಗಟ್ಟಲೆ ಅದು ಪ್ಯಾರಿಸ್ಸಿನ ದೀಪಕ್ಕೆ ಎಣ್ಣೆಯಾಯಿತು. ನೈಜರಿನಲ್ಲಿ ಇವತ್ತಿಗೂ ಐದು ಮನೆಯಲ್ಲಿ ನಾಲ್ಕಕ್ಕೆ ಕರೆಂಟಿಲ್ಲ. ಗಣಿ ಕಸ ಗುಡ್ಡವಾಗಿ ಮರುಭೂಮಿಯಲ್ಲಿ ಬಿದ್ದಿದೆ. ಯೂನಿಟ್ಟಿಗೆ 12 ಗ್ರಾಂ ಎಂಬ ಲೆಕ್ಕದಲ್ಲಿ ಗಣಿಯ ಡೀಸೆಲ್ಲು ಸೇರಿದೆ, ಗಣಿಯ ಊರು ಸೇರಿಲ್ಲ. ನಗಬೇಡಿ, ನಮ್ಮದೂ ಹಾಗೇ. ಖಾನಾಪುರದ ಘಟ್ಟ ದಾಟಿ ಕಾರವಾರದ ಕಡೆ ಹೋದರೆ ಕೈಗಾ, ನಾಲ್ಕು ಘಟಕ, 880 ಮೆಗಾವ್ಯಾಟ್. ಅದಕ್ಕೂ ನೆಲ ಬಿಟ್ಟವರಿದ್ದಾರೆ. ಈ ದೇಶ ತನ್ನ ಯುರೇನಿಯಂ ತೆಗೆಯಲು ಶುರುಮಾಡಿದ್ದು ಜಾರ್ಖಂಡದ ಜಾದುಗೊಡದಲ್ಲಿ, ಸಂತಾಲರ, ಹೋ ಆದಿವಾಸಿಗಳ ನೆಲದಲ್ಲಿ, 1967ರಿಂದ.

ನಾರ್ವೆಯಲ್ಲೇ ಇನ್ನೊಂದು ಕತೆ. ಫೋಸೆನ್ ಎಂಬ ಕಡೆ ಸಾಮಿ ಎಂಬ ಮೂಲನಿವಾಸಿಗಳು ಹಿಮಸಾರಂಗ ಮೇಯಿಸುತ್ತ ಬಂದವರು. ಅವರ ಹುಲ್ಲುಗಾವಲಿನ ಮೇಲೆ 151 ಗಾಳಿಗಿರಣಿ ನಿಲ್ಲಿಸಿದರು. 2021ರ ಅಕ್ಟೋಬರ್ 11ರಂದು ನಾರ್ವೆಯ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಇದು ಸಾಮಿ ಜನರ ಹಕ್ಕಿನ ಉಲ್ಲಂಘನೆ. ಗಿರಣಿ ನಿಂತವೇ? ಇಲ್ಲ, ತಿರುಗುತ್ತಲೇ ಇದ್ದವು. ಐನೂರು ದಿನ ಕಾದು 2023ರ ಫೆಬ್ರವರಿಯಲ್ಲಿ ಸಾಮಿ ಹುಡುಗರು ಮಂತ್ರಾಲಯದ ಬಾಗಿಲಲ್ಲಿ ಕೂತರು. ಕೊನೆಗೆ ಪರಿಹಾರದ ಒಪ್ಪಂದಗಳಾದವು. ಗಿರಣಿ ಇವತ್ತಿಗೂ ತಿರುಗುತ್ತಿವೆ. ತೀರ್ಪು ನಿನ್ನ ಕಡೆ, ನೆಲ ಅವನ ಕಡೆ! ಕೋರ್ಟಿನಲ್ಲಿ ಗೆದ್ದು ಹೊಲದಲ್ಲಿ ಸೋತು ಬಂದ ನಮ್ಮ ಎಷ್ಟೋ ಹಿರಿಯರಿಗೆ ಆ ಸಾಮಿ ಜನ ಬೀಗರಾಗಬೇಕು.

ಇಷ್ಟು ದೂರ ಹೋದದ್ದು ಬೆಳಗಾವಿಗೆ ವಾಪಸು ಬರಲಿಕ್ಕೆ.

ನಮ್ಮ ರಾಜ್ಯ ಒಂದು ಕಾಲಕ್ಕೆ ಆ ಭೂಪಟದ ನಾರ್ವೆಯಷ್ಟೇ ಹಸಿರಾಗಿತ್ತು ಎಂದರೆ ಪ್ರೊಫೆಸರು ನಂಬುತ್ತಾರೋ ಇಲ್ಲವೋ. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾಗುವ ತನಕ ಕರ್ನಾಟಕದ ಕರೆಂಟು ಹೆಚ್ಚೂಕಡಿಮೆ ಎಲ್ಲವೂ ನೀರಿನದು. ಶರಾವತಿ ಕೊಟ್ಟಿತು, ಕಾಳಿ ಕೊಟ್ಟಿತು. ಆ ಕರೆಂಟು ನಂಬಿ 1960ರ ದಶಕದ ಕೊನೆಯ ಹೊತ್ತಿಗೆ ಬೆಳಗಾವಿಗೆ ಇಂಡಾಲ್ ಬಂತು. ಕೆಂಪು ಬಾಕ್ಸೈಟು ಕಲ್ಲಿನಿಂದ ಬಿಳಿ ಪುಡಿ, ಬಿಳಿ ಪುಡಿಯಿಂದ ಅಲ್ಯುಮಿನಿಯಂ. ಈ ಲೋಹ ಕರೆಂಟನ್ನು ನೀರಿನಂತೆ ಕುಡಿಯುತ್ತದೆ: ಒಂದು ಟನ್ನಿಗೆ ಸುಮಾರು 14,000 ಯೂನಿಟ್ಟು. ಮುಂದೆ ಕರೆಂಟು ಸಾಲದಾಯಿತು, ದರ ಏರಿತು, ಅಲ್ಯುಮಿನಿಯಂ ಕರಗಿಸುವ ಭಾಗ ನಿಂತುಹೋಯಿತು. ಇವತ್ತು ಹಿಂಡಾಲ್ಕೋ ಹೆಸರಲ್ಲಿ ಬೆಳಗಾವಿಯಲ್ಲಿ ಉಳಿದದ್ದು ಬಿಳಿ ಪುಡಿಯ ಕೆಲಸ. ಲೋಹ ಕರಗಿಸುವ ಅದರ ಕುಲುಮೆಗಳು ಈಗ ಒಡಿಶಾ, ಮಧ್ಯಪ್ರದೇಶ, ಉತ್ತರಪ್ರದೇಶದ ಕಲ್ಲಿದ್ದಲ ಸೀಮೆಯಲ್ಲಿವೆ.

ಗುಣಾಕಾರ ಮಾಡಿ. 14,000 ಯೂನಿಟ್ಟು ನೀರಿನದಾದರೆ ಹೊಗೆ 336 ಕಿಲೋ. ಕಲ್ಲಿದ್ದಲಿನದಾದರೆ ಹನ್ನೊಂದು ಸಾವಿರದ ನಾಲ್ಕುನೂರ ಎಂಬತ್ತು ಕಿಲೋ. ಪಾತ್ರೆ ಅಂಗಡಿಯಲ್ಲಿ ಎರಡೂ ಡಬರಿ ಒಂದೇ ಥರ ಹೊಳೆಯುತ್ತವೆ.

ಹಾಗಾದರೆ ಶರಾವತಿಯ ಕರೆಂಟು ಮಡಿಯಾಗಿತ್ತೇ? 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟಿನ ಹಿಂದೆ ಮುಳುಗಿದ ಊರುಗಳ ಮಂದಿ, ಅವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದ್ದಾರೆ. ನಮ್ಮ ಹತ್ತಿರದ್ದು ಹೇಳಬೇಕೆಂದರೆ ಸೂಪಾ. ಕಾಳಿ ನದಿಗೆ ಆಣೆಕಟ್ಟು ಕಟ್ಟಿ 1980ರ ದಶಕದಲ್ಲಿ ಸೂಪಾ ಎಂಬ ತಾಲೂಕು ಊರನ್ನೇ ಮುಳುಗಿಸಿದರು. ಎದ್ದು ಬಂದವರಿಗೆ ಖಾನಾಪುರದ ಗಡಿಗೆ ಹತ್ತಿದ ರಾಮನಗರದಲ್ಲಿ ಜಾಗ ತೋರಿಸಿದರು. ರಾಮನಗರಕ್ಕೆ ಹೋಗಿ ಮುದುಕರನ್ನು ಮಾತಾಡಿಸಿ. ನೀರು ಕೊಟ್ಟು ಬಂದವರು ನೀರಿಗಾಗಿ ಪರದಾಡಿದ ಕತೆ ಹೇಳುತ್ತಾರೆ. ಯೂನಿಟ್ಟಿಗೆ 24 ಗ್ರಾಂ. ಸೂಪಾದ ಸಂತೆ ಎಷ್ಟು ಗ್ರಾಂ ತೂಗುತ್ತಿತ್ತು?

ಅಷ್ಟಾದರೂ ಒಂದು ಮಾತನ್ನು ಖಡಾಖಂಡಿತ ಹೇಳಬೇಕು, ಇಲ್ಲದಿದ್ದರೆ ನನ್ನ ಮಾತನ್ನು ಕಲ್ಲಿದ್ದಲ ದಣಿಗಳು ಎತ್ತಿಕೊಂಡು ಹೋಗುತ್ತಾರೆ. ಎಲ್ಲ ಕರೆಂಟೂ ಒಂದೇ ಪಾಪದ್ದಲ್ಲ. ಕಲ್ಲಿದ್ದಲು ಎರಡು ಸಲ ಕೊಲ್ಲುತ್ತದೆ. ಗಣಿಗೆ ಊರು ತಿನ್ನುತ್ತದೆ, ಆಮೇಲೆ ಬೂದಿಯಾಗಿ ಇನ್ನೊಂದು ಊರು ತಿನ್ನುತ್ತದೆ. ರಾಯಚೂರಿನ ಶಕ್ತಿನಗರಕ್ಕೆ ಹೋಗಿ ನೋಡಿ, 1720 ಮೆಗಾವ್ಯಾಟಿನ ಕೇಂದ್ರ, ಕೃಷ್ಣೆಯ ದಂಡೆ, ಹಾರುಬೂದಿ. ಬೂದಿಯ ಕೆಳಗಿನ ಊರುಗಳಲ್ಲಿ ಯಾರು ಇರುತ್ತಾರೆ? ಮನೆ ಬದಲಿಸಲು ತಾಕತ್ತಿಲ್ಲದವರು. ಮಳೆ ತಪ್ಪಿದರೆ ಮೊದಲು ಸಾಯುವ ಹೊಲ ಯಾರದು? ನೀರಾವರಿ ಇಲ್ಲದವನದು. ಬಿಸಿಲು ಏರಿದರೆ ಮೊದಲು ಬೀಳುವವನು ಯಾರು? ಏಸಿ ಕೋಣೆಯ ಪ್ರೊಫೆಸರಲ್ಲ, ರಸ್ತೆಗೆ ಡಾಂಬರು ಹಾಕುವವನು. ಹೀಗಿರುವಾಗ ಹೊಗೆ ಕಡಿಮೆ ಆಗಲಿ ಎಂಬ ಬೇಡಿಕೆ ಯುರೋಪಿನವನಿಗಿಂತ ಮೊದಲು ನಮ್ಮದು. ಅದನ್ನು ಅವನ ಬಾಯಿಗೆ ಬಿಟ್ಟುಕೊಟ್ಟಿದ್ದೇ ನಮ್ಮ ಚಳವಳಿಯ ತಪ್ಪು. ನಾವು ಭೂಮಿಯ ಮೇಲೆ ಬರೆದೆವು, ಬಾವಿಯ ಮೇಲೆ, ಗುಡಿಯ ಮೇಲೆ, ಹೋಟೆಲಿನ ಬೇರೆ ಕಪ್ಪಿನ ಮೇಲೆ ಬರೆದೆವು. ಮೀಟರಿನ ಮೇಲೆ ಬರೆಯಲಿಲ್ಲ.

ಈಗ ಮನೆಯೊಳಗಿನ ವೈರಿಯ ಕಡೆ ತಿರುಗುತ್ತೇನೆ. ನನಗೆ ಹೆಚ್ಚು ಸಿಟ್ಟು ಇರುವುದು ಇವನ ಮೇಲೆಯೇ.

ಇವನು ಟೀವಿಯಲ್ಲಿ ಕೂತು ಗುಡುಗುತ್ತಾನೆ: "ಅವರು ಇನ್ನೂರು ವರ್ಷ ಸುಟ್ಟರು, ಈಗ ನಮ್ಮ ಸರದಿ. ನಮ್ಮ ದೇಶದಲ್ಲಿ ತಲೆಗೆ ಎರಡೇ ಟನ್ನು, ಅಮೆರಿಕದಲ್ಲಿ ಹದಿನಾಲ್ಕು. ನಮ್ಮ ಬಡವರಿಗೆ ದೀಪ ಬೇಡವೇ?" ಅಂಕಿ ಸರಿ. ಆದರೆ "ನಮ್ಮ" ಎಂದನಲ್ಲ, ಅದು ಯಾರು?

ನಮ್ಮ ಆಯಿಯ ಗುಡಿಸಲಿಗೆ ಕರೆಂಟು ಬಂದದ್ದು ಭಾಗ್ಯಜ್ಯೋತಿಯಲ್ಲಿ. 1970ರ ದಶಕದ ಕೊನೆಗೆ ದೇವರಾಜ ಅರಸರ ಕಾಲದಲ್ಲಿ ಶುರುವಾದ ಯೋಜನೆ. ನಮ್ಮ ಕೇರಿಗೆ ಮುಟ್ಟಿದ್ದು ಬಹಳ ತಡವಾಗಿ. ಒಂದು ಮನೆಗೆ ಒಂದೇ ಬಲ್ಬು, 40 ವ್ಯಾಟಿನದು. ಆಯಿ ಅದನ್ನು ಮೊದಲ ದಿನ ನೋಡಿ, "ಇದನ್ನ ಆರಸೂದು ಹ್ಯಾಂಗ? ಊದಬೇಕೇನು?" ಎಂದು ಕೇಳಿದ್ದಳಂತೆ. ದಿನಕ್ಕೆ ಐದು ತಾಸು ಉರಿದರೆ ವರ್ಷಕ್ಕೆ 73 ಯೂನಿಟ್ಟು. ಎಲ್ಲಾ ಕಲ್ಲಿದ್ದಲಿನದೇ ಎಂದು ಹಿಡಿದರೂ ಹೊಗೆ 60 ಕಿಲೋ. ಸರಾಸರಿ ಒಬ್ಬ ಅಮೆರಿಕನ್ನನು ಒಂದು ವರ್ಷದಲ್ಲಿ ಬಿಡುವ ಹೊಗೆಗೆ ಸಮ ಆಗಬೇಕೆಂದರೆ ಆಯಿಯ ಬಲ್ಬು ಇನ್ನೂರಮೂವತ್ತು ವರ್ಷಕ್ಕಿಂತ ಹೆಚ್ಚು ಉರಿಯಬೇಕು. ಟಿಪ್ಪು ಸುಲ್ತಾನ ಬದುಕಿದ್ದಾಗ ಹಚ್ಚಿದ್ದರೆ ಈಗ ಸಮ ಆಗುತ್ತಿತ್ತು.

ಈ ಬಲ್ಬಿನ ನೆರಳಲ್ಲಿ ಅವನು ತನ್ನ ಏಸಿ ಅಡಗಿಸಿಟ್ಟಿದ್ದಾನೆ. ಮಾಲು, ಮದುವೆ ಮಂಟಪದ ಸೀರಿಯಲ್ ಲೈಟು, ಒಂದು ಮನೆಗೆ ನಾಲ್ಕು ಕಾರು, ಎಲ್ಲವನ್ನೂ ಆಯಿಯ 60 ಕಿಲೋದ ಜೊತೆ ಕೂಡಿಸಿ, ನೂರನಲವತ್ತು ಕೋಟಿಯಿಂದ ಭಾಗಿಸಿ, "ನೋಡಿ, ಎರಡೇ ಟನ್ನು" ಎಂದು ಜಗತ್ತಿನ ಎದುರು ಕೈ ಮುಗಿದು ನಿಲ್ಲುತ್ತಾನೆ. ಬಾವಿಗೆ ಬರಬೇಡ ಎಂದವನೇ ಲೆಕ್ಕಕ್ಕೆ ಮಾತ್ರ ಬಾ ಎನ್ನುತ್ತಾನೆ. ಜನಗಣತಿಯಲ್ಲಿ ನಾವು ಬೇಕು, ಪಂಕ್ತಿಯಲ್ಲಿ ಬೇಡ. ಯುರೋಪಿನವನು ತನ್ನ ಹೊಗೆಯನ್ನು ನಮ್ಮ ದೇಶದ ಖಾತೆಗೆ ಬರೆದ. ಇವನು ತನ್ನ ಹೊಗೆಯನ್ನು ನಮ್ಮ ಕೇರಿಯ ತಲೆಗೆ ಹಂಚಿದ. ಇಬ್ಬರೂ ಒಂದೇ ಮಠದ ಶಿಷ್ಯರು.

ಇವನು ಹಸಿರಾದರೂ ಇವನೇ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಬಿಸಿಲ ಕರೆಂಟಿನ ಪಾರ್ಕು ಮಾಡಿದರು, 2019ಕ್ಕೆ ಪೂರ್ತಿ ಆಯಿತು. ಐದು ಊರು, 13,000 ಎಕರೆ. ನೆಲ ಕಸಿಯಲಿಲ್ಲ, ಬಾಡಿಗೆಗೆ ಹಿಡಿದರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಒಳ್ಳೆಯ ಯೋಜನೆಯೇ, ಬರಗಾಲದ ಸೀಮೆಯ ರೈತನಿಗೆ ಕೂತಲ್ಲಿ ದುಡ್ಡು. ಆದರೆ ಎಕರೆ ಇದ್ದವನಿಗೆ ಬಾಡಿಗೆ. ಆ ಎಕರೆಯಲ್ಲಿ ಕಳೆ ಕೀಳುತ್ತಿದ್ದವಳಿಗೆ, ಆ ಬೀಳಿನಲ್ಲಿ ಕುರಿ ಬಿಡುತ್ತಿದ್ದವನಿಗೆ? ಕೂಲಿಯೂ ಹೋಯಿತು, ಮೇವೂ ಹೋಯಿತು. ಸೂರ್ಯ ಎಲ್ಲರಿಗೂ ಒಂದೇ ಎನ್ನುತ್ತಾರೆ, ಬಿಸಿಲಿಗೂ ಪಹಣಿ ಪತ್ರಿಕೆ ಕೇಳುತ್ತಾರೆ.

ಖಾನಾಪುರದ ನಮಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗಬೇಕು. ಧಾರವಾಡದ ಹತ್ತಿರದ ನರೇಂದ್ರದಿಂದ ಗೋವಾಕ್ಕೆ 400 ಕಿಲೋವೋಲ್ಟಿನ ತಂತಿ ಎಳೆಯಬೇಕೆಂದು ವರ್ಷಗಳಿಂದ ಜಗ್ಗಾಟ ನಡೆದಿದೆ. ಯೋಜನೆಯ ಹೆಸರಲ್ಲೇ ತಮ್ನಾರ್ ಇದೆ. ತಮ್ನಾರ್ ಎಂದರೆ ಛತ್ತೀಸಗಡದ ಕಲ್ಲಿದ್ದಲ ನೆಲ, ಆದಿವಾಸಿಗಳ ನೆಲ. ಅಲ್ಲಿ ನೆಲ ಹೋಗುತ್ತದೆ, ಇಲ್ಲಿ ಘಟ್ಟದ ಕಾಡು ಹೋಗುತ್ತದೆ, ಬೆಳಕು ಸಮುದ್ರದ ದಂಡೆಯ ಹೋಟೆಲಿಗೆ. ಗೋವಾದ ಹುಡುಗರೇ 2020ರಲ್ಲಿ ನಮಗೆ ಮೊಲ್ಲೆಂ ಕಾಡು ಬೇಕು ಎಂದು ಬೀದಿಗಿಳಿದರು. ನಾವು? ಬೆಳಗಾವಿಯಲ್ಲಿ ಬೋರ್ಡಿನ ಮೇಲೆ ಕನ್ನಡ ಮೇಲಿರಬೇಕೋ ಮರಾಠಿ ಮೇಲಿರಬೇಕೋ ಎಂದು ಬಸ್ಸಿಗೆ ಮಸಿ ಬಳಿಯುತ್ತಿದ್ದೆವು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರದ ತಂತಿ ಕೂಡಿ ದಕ್ಷಿಣದ ಜಾಲವೂ ದೇಶದ ಜಾಲವೂ ಒಂದಾಯಿತು. ಅಂದಿನಿಂದ ಕನ್ನಡ ಕರೆಂಟು, ಮರಾಠಿ ಕರೆಂಟು ಎಂಬುದು ಇಲ್ಲ. ಕೇರಿಯಲ್ಲಿ ಮೊದಲೂ ಇರಲಿಲ್ಲ. ನಮ್ಮ ಆಯಿ ಎರಡೂ ಭಾಷೆಯಲ್ಲಿ ಬೈಸಿಕೊಂಡವಳು.

ಕರೆಂಟು ಬೇಡ ಎನ್ನುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಬಾಬಾಸಾಹೇಬರು 1942ರಿಂದ 1946ರ ತನಕ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ವಿದ್ಯುತ್ತು, ನೀರಾವರಿಯ ಯೋಚನೆಯೂ ಅವರ ಮೇಜಿನ ಮೇಲೇ ಇತ್ತು. 1943ರಲ್ಲಿ ವಿದ್ಯುತ್ ನೀತಿಯ ಸಮಿತಿಯನ್ನು ನಡೆಸಿದರು, 1944ರಲ್ಲಿ ಕೇಂದ್ರ ತಾಂತ್ರಿಕ ವಿದ್ಯುತ್ ಮಂಡಲಿ ಬಂತು. ಕರೆಂಟು ಸೋವಿ ಇರಬೇಕು, ಧಾರಾಳ ಇರಬೇಕು, ಖಾಸಗಿ ಲಾಭದ ಕೈಗೆ ಸಿಗಬಾರದು ಎಂಬುದು ಅವರ ವಾದ. ಯಾಕೆ? ಕರೆಂಟು ಬಂದರೆ ಕೈಗಾರಿಕೆ ಬರುತ್ತದೆ, ಕೈಗಾರಿಕೆ ಬಂದರೆ ಊರಗೌಡನ ಹೊಲ ಬಿಟ್ಟು ಹೊರಡಲು ನಮ್ಮವರಿಗೆ ಒಂದು ದಾರಿ ತೆರೆಯುತ್ತದೆ. ಅಪ್ಪ ಜೀತಕ್ಕೆ ಹೋಗದೆ ಫೌಂಡ್ರಿಗೆ ಹೋದದ್ದು ಆ ದಾರಿಯಲ್ಲೇ. ನಾನು ಬಿ.ಎ. ಮುಗಿಸಿದ್ದು ಭಾಗ್ಯಜ್ಯೋತಿಯ ಕೆಳಗೆ. ಬಾಬಾಸಾಹೇಬರು ಕೇಳಿದ್ದು ಬೆಳಕು ಎಷ್ಟು ಗ್ರಾಂ ಎಂದಲ್ಲ, ಬೆಳಕು ಯಾರದು ಎಂದು. ಇವತ್ತು ನಾವು ಎರಡನ್ನೂ ಕೇಳಬೇಕಾಗಿದೆ. ಗ್ರಾಂ ಕೇಳದೆ ಬಿಟ್ಟರೆ ಬೂದಿ ನಮ್ಮ ಮೇಲೆ ಬೀಳುತ್ತದೆ. ಯಾರದು ಎಂದು ಕೇಳದೆ ಬಿಟ್ಟರೆ ಗಾಳಿಗಿರಣಿಯೂ ಗೌಡನ ಗದ್ದೆಯಾಗುತ್ತದೆ.

ಹಳ್ಳಿ ಸಾಲಿಯ ಮಾಸ್ತರರಲ್ಲಿ ಒಂದು ಬಿನ್ನಹ. ಮಕ್ಕಳಿಗೆ ಕರೆಂಟಿನ ಪಾಠ ಮಾಡುವಾಗ ಮನೆಯ ಬಿಲ್ಲು ತರಲು ಹೇಳಿ. ಯೂನಿಟ್ಟು ಓದಲಿ. ಗೃಹಜ್ಯೋತಿ ಬಂದ 2023ರಿಂದ ಬಹಳ ಮನೆಗಳ ಬಿಲ್ಲಿನಲ್ಲಿ ಸೊನ್ನೆ ರೂಪಾಯಿ ಇರುತ್ತದೆ, ಆದರೆ ಯೂನಿಟ್ಟು ಬರೆದಿರುತ್ತಾರೆ. ಕೇರಿಯ ಬಿಲ್ಲು, ಓಣಿಯ ಬಿಲ್ಲು, ಗೌಡರ ಮನೆಯ ಬಿಲ್ಲು ಪಕ್ಕಪಕ್ಕ ಇಟ್ಟು 700 ಗ್ರಾಂನಿಂದ ಗುಣಿಸಲಿ. ಭೂಪಟಕ್ಕೆ ಬಣ್ಣ ಬಳಿಯುವ ಕೆಲಸ ಅಲ್ಲಿಂದ ಶುರುವಾಗಲಿ, ಪ್ಯಾರಿಸ್ಸಿನಿಂದ ಅಲ್ಲ.

ಇದನ್ನು ಬರೆಯುವ ಹೊತ್ತಿಗೆ ರಾತ್ರಿ ಹನ್ನೊಂದು. ಅಪ್ಪ ರಾತ್ರಿ ಪಾಳಿಗೆ ಹೋಗಿದ್ದಾನೆ. ರಾತ್ರಿ ಕರೆಂಟಿನ ದರ ಕಡಿಮೆ ಎಂದು ವರ್ಷಗಟ್ಟಲೆ ಫೌಂಡ್ರಿಯ ಭಟ್ಟಿಗಳನ್ನು ರಾತ್ರಿಯೇ ಉರಿಸುತ್ತ ಬಂದರು. ಪಾವಗಡದ ಬಿಸಿಲು ರಾತ್ರಿ ಇರುವುದಿಲ್ಲ. ಹಗಲಿನ ಹಸಿರು ಕರೆಂಟು ಆಫೀಸುಗಳ ಫ್ಯಾನಿಗೆ, ಸೆಮಿನಾರಿನ ಪರದೆಗೆ. ರಾತ್ರಿಯ ಕಲ್ಲಿದ್ದಲು ಕರೆಂಟು ಅಪ್ಪನ ಕೈಗೆ. ಅವನು ಬೆಳಿಗ್ಗೆ ಬಂದು ಹೊರಗಿನ ಕಲ್ಲಿನ ಮೇಲೆ ಕೂತು ಮೂಗು ಸೀನಿದರೆ ಕರಿ ಬರುತ್ತದೆ. ನಿನ್ನೆ ಸೆಮಿನಾರಿನ ಭೂಪಟದ ಒಂದು ಪ್ರತಿ ತೋರಿಸಿದೆ. ಕನ್ನಡಕ ಇಲ್ಲದ ಕಣ್ಣು ಕಿರಿದು ಮಾಡಿ ನೋಡಿದ. ನಮ್ಮ ದೇಶದ ಕೆಂಪಿನ ಮೇಲೆ ಬೆರಳಿಟ್ಟ. "ಇದು ಭಟ್ಟಿ ಬಣ್ಣ ಅಲ್ಲೇನೋ" ಎಂದ. ಬೆರಳು ತೆಗೆದಾಗ ಅಲ್ಲಿ ಕರಿ ಗುರುತು ಉಳಿದಿತ್ತು. ಹಸಿರಿನ ಮೇಲೂ ಒಂದು ಬೆರಳು ಇಡು ಅಂದೆ, ಇಟ್ಟ.